ರಸಮಟ್ಟ

“ಏ, ಕೆಳಗಿಡು ಅದನ್ನ! ಕೈಗಿ ಕೈ ಹಚ್ಚಿ ಕೊಡಾಕ ಬರ್ತಾಳ ನೋಡು, ಹಲಕಟ್ ರಂಡಿ. ಲಗ್ನಾಗಿ ಮಗಳ ಹಡದ್ರೂ ರೀತಿ ರಿವಾಜು ಕಲಿಲಿಲ್ಲೇನ ನೀ?”

ಮಾಣಿಕಮ್ಮ ಚಾಚಿದ ಕೈಯನ್ನು ಸಟ್ಟನೆ ಹಿಂದಕ್ಕೆಳೆದುಕೊಂಡಳು. ಕೈಯಲ್ಲಿದ್ದದ್ದು ರಸಮಟ್ಟ. ಮೊಳದುದ್ದದ ಒಂದು ಪಟ್ಟಿ, ಅದರ ನಡುವೆ ಗಾಜಿನ ಸಣ್ಣ ಕೊಳವೆ, ಕೊಳವೆಯೊಳಗೆ ಹಸಿರು ನೀರು, ನೀರೊಳಗೊಂದು ಗುಳ್ಳೆ. ನೆಲದ ಮೇಲಿಟ್ಟಾಗ ಗುಳ್ಳೆ ನಟ್ಟನಡುವೆ ನಿಂತರೆ ಹಾಸಿದ ಕಲ್ಲು ಮಟ್ಟವಾಗಿದೆ ಎಂದು ಲೆಕ್ಕ. ಅತ್ತಿತ್ತ ಸರಿದರೆ ಕಲ್ಲು ಕಿತ್ತು ಮತ್ತೆ ಹಾಸಬೇಕು. ಮಟ್ಟ ತೋರಿಸು ಎಂದು ಕೇಳಿದವನು ಚನಮಲ್ಲಪ್ಪ ಸಾಹುಕಾರನೇ. ಕೇಳಿದನಲ್ಲಾ ಎಂದು ಇವಳು ಕೈ ಚಾಚಿದ್ದಳು. ಆದದ್ದು ಅಷ್ಟೇ.

ಬಗ್ಗಿ ರಸಮಟ್ಟವನ್ನು ನೆಲಕ್ಕಿಟ್ಟು ದೂರ ಸರಿದು ನಿಂತಳು. ಸಾಹುಕಾರನ ಜೀಪು ಹೊಡೆಯುವ ಭಾಗಣ್ಣ ಅದನ್ನೆತ್ತಿ, ಹೆಗಲ ಮೇಲಿನ ಟಾವೆಲಿನಿಂದ ಒರೆಸಿ, ಧಣಿಯ ಕೈಗೆ ಕೊಟ್ಟ. ಹಾಂ, ಒರೆಸಿದರೆ ಹೋಗುತ್ತದೆ ಅದು! ಅವಳು ಬೆಳಗಿನಿಂದ ಮೊಳಕಾಲೂರಿ, ಅಂಗೈಯಿಂದ ತಟ್ಟಿ ತಟ್ಟಿ ಕೂಡಿಸಿದ ಪರಸಿಕಲ್ಲಿನ ಮೇಲೆ ಮಾತ್ರ ಸಾಹುಕಾರ ಬರಿಗಾಲಲ್ಲಿ ನಿಂತಿದ್ದ. ಕೈಗೆ ಮೈಲಿಗೆ, ಅಂಗಾಲಿಗೆ ಇಲ್ಲ. ಇದು ಹ್ಯಾಗೆ ಎಂದು ಕೇಳಿದರೆ ಬೈಗುಳ ಇನ್ನೂ ಒಂದು ಮೊಳ ಉದ್ದವಾಗುತ್ತದೆ. ಅದಕ್ಕೇ ಮಾಣಿಕಮ್ಮ ಕೇಳಲಿಲ್ಲ.

“ಹೂಂ, ಗುಳ್ಳಿ ನಡುವ ಅದ,” ಎಂದ ಸಾಹುಕಾರ. “ನೋಡು, ಇದು ಸಾದಾ ಸಾಲಿ ಖೋಲಿ ಅಲ್ಲ. ದಿಲ್ಲಿ ಲೆವಲ್ಲಿಂದು. ಮ್ಯಾಲಿನವ್ರು ನೋಡಾಕ ಬರ್ತಾರ. ಒಂದ ಕಲ್ಲ ಎದ್ದಿತ್ತಂದ್ರ ನಿನ್ನ ಗಂಡನ ತೆಲಿ ಹಾಸ್ತೀನಿ ಇಲ್ಲಿ.”

“ಏಳಂಗಿಲ್ಲ್ರಿ ಸಾವ್ಕಾರ,” ಎಂದಳು.

ಶಹಾಬಾದಿನಿಂದ ವಾಡಿಗೆ ಹೋಗುವ ರಸ್ತೆಯ ಮೇಲಿನ ಊರು ಅದು. ಊರಿನ ತೆಂಕಣಕ್ಕೆ ಕಲ್ಲಿನ ಖಣಿ, ಖಣಿಯ ದಂಡೆಗೆ ಖಣಿ ಓಣಿ. ಖಣಿ ಸಾಹುಕಾರನದು, ಓಣಿಯ ಗುಡಿಸಲುಗಳ ಕೆಳಗಿನ ನೆಲವೂ ಅವನದು. ಊರಿನ ಸರಕಾರಿ ಶಾಲೆಯ ಕಮಿಟಿಗೆ ಅವನೇ ಅಧ್ಯಕ್ಷ. ಅವನ ಮನೆಯ ಒಂದು ಮಗುವೂ ಆ ಶಾಲೆಯ ಹೊಸ್ತಿಲು ತುಳಿದದ್ದಿಲ್ಲ. ಶಹಾಬಾದಿನಲ್ಲಿ ಅವನ ತಮ್ಮನದೇ ಕಾನ್ವೆಂಟ್ ಇದೆಯಲ್ಲ, ಆ ಮನೆಯ ಮಕ್ಕಳೆಲ್ಲ ಹಳದಿ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದವು. ಸರಕಾರಿ ಶಾಲೆಗೆ ಬರುತ್ತಿದ್ದದ್ದು ಖಣಿ ಓಣಿಯವೇ ಹೆಚ್ಚು. ಮಾಣಿಕಮ್ಮನ ಮಗಳು ಪೂನಮ್ ಮೂರನೇ ಕ್ಲಾಸು. ಪರಸಿ ಹಾಸುವುದು ನಿಜಕ್ಕೂ ಮಾಣಿಕಮ್ಮನ ಗಂಡ ನಾಮದೇವನ ಕಸುಬು. ಕಲ್ಲಿನ ಪುಡಿ ಅವನ ಎದೆ ಸೇರಿ, ಬಗ್ಗಿದರೆ ಉಸಿರು ಸಿಗದಂತಾದ ಮೇಲೆ ರಸಮಟ್ಟ ಹೆಂಡತಿಯ ಕೈಗೆ ಬಂದಿತ್ತು.

ಶಾಲೆಯ ಆ ಹೊಸ ಕೋಣೆಯ ಪೂಜೆಯಾಗಿ ವಾರ ಕಳೆದಿರಲಿಲ್ಲ, ಹೆಡ್‌ಮಾಸ್ತರ ಅಂಬರೇಶ ಪಾಲಕರ ಸಭೆ ಕರೆದ. ಕುರ್ಚಿಗಳ ಮೇಲೆ ಊರಿನವರು, ಹಿಂದೆ ನೆಲದ ಮೇಲೆ ಓಣಿಯವರು. ಮೈಕು ಕಿರ್ ಅಂದಿತು, ಅಂಬರೇಶ ಗಂಟಲು ಸರಿ ಮಾಡಿಕೊಂಡ.

“ಬಂಧುಗಳೇ, ನಮ್ಮ ಶಾಲೆ ರಾಷ್ಟ್ರಮಟ್ಟಕ್ಕೆ ಆಯ್ಕೆಯಾಗಿದೆ. ಇನ್ನು ಮುಂದೆ ಕಾಶ್ಮೀರದ ಮಗು ಏನು ಓದುತ್ತದೋ ನಮ್ಮ ಮಗುವೂ ಅದನ್ನೇ ಓದುತ್ತದೆ. ದಿಲ್ಲಿಯ ಮಗುವಿಗೆ ಯಾವ ಪರೀಕ್ಷೆಯೋ ನಮ್ಮ ಮಗುವಿಗೂ ಅದೇ ಪರೀಕ್ಷೆ. ಒಂದೇ ಪಠ್ಯ, ಒಂದೇ ಅಳತೆ, ದೇಶಕ್ಕೆಲ್ಲ ಒಂದೇ ಮಟ್ಟ. ಸುಗ್ಗಿ ಮುಗಿಯುವ ಹೊತ್ತಿಗೆ ಪರೀಕ್ಷೆ. ಅದರಲ್ಲಿ ನಮ್ಮ ಮಕ್ಕಳು ಚಲೋ ಮಾಡಿದರೆ ರಾಷ್ಟ್ರಮಟ್ಟದ ಬೋರ್ಡು ನಮ್ಮ ಗೇಟಿಗೆ!”

ಮೈಕಿನ ಕಿರಿಕಿರಿಯೋ, ಬೆಳಗಿನಿಂದ ಕಲ್ಲು ಕೊಯ್ಯುವ ಮಷೀನಿನ ಪಕ್ಕ ದುಡಿದು ಬಂದ ಕಿವಿಯೋ, ಮಾಣಿಕಮ್ಮನಿಗೆ ಕೇಳಿಸಿದ್ದು ರಸಮಟ್ಟ. ಅವಳ ಮುಖವೆಲ್ಲಾ ಅರಳಿತು. ಅಯ್ಯ ಇವನವ್ವನ, ಇಷ್ಟು ಚಂದದ ಮಾತು ಈ ಮಾಸ್ತರನ ಬಾಯಲ್ಲಿ ಬಂತಲ್ಲ! ಕಾಶ್ಮೀರದ ಕೂಸು, ದಿಲ್ಲಿ ಕೂಸು, ತನ್ನ ಪೂನಮ್, ಎಲ್ಲರನ್ನೂ ಸಾಲಾಗಿ ಕೂಡಿಸಿ ರಸಮಟ್ಟ ಇಟ್ಟು ನೋಡುತ್ತಾರೆ. ತಗ್ಗು ಇದ್ದಲ್ಲಿ ಮಣ್ಣು ಹಾಕಿ ಎತ್ತುತ್ತಾರೆ. ತಡೆಯಲಾಗಲಿಲ್ಲ, ಎದ್ದು ನಿಂತಳು.

“ಸರ್, ರಸಮಟ್ಟ ಇಡ್ತೀವಿ ಅಂದ್ರೆಲ್ಲಾ, ಭಾಳ ಖುಷಿ ಆಯ್ತ್ರಿ. ಮತ್ತ ನಮ್ಮ ಹುಡುಗ್ರದು ತಗ್ಗ ಇತ್ತಂದ್ರ ಎಷ್ಟ ದಿನದಾಗ ಎತ್ತತೀರಿ?”

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಮುಂದಿನ ಕುರ್ಚಿಯವರೆಲ್ಲ ಗೊಳ್ಳೆಂದು ನಕ್ಕರು. ಅಂಬರೇಶ ಮೈಕಿಗೆ ಕೈ ಅಡ್ಡ ಹಿಡಿದು ನಕ್ಕ. ಸಾಹುಕಾರನಂತೂ ಹೊಟ್ಟೆ ಹಿಡಿದುಕೊಂಡ.

“ರಸಮಟ್ಟಲ್ಲಲೇ, ರಾಷ್ಟ್ರಮಟ್ಟ! ಪರಸಿ ಹಾಸಿ ಹಾಸಿ ಇವಳ ತೆಲಿಯಾಗ ಭೀ ಪರಸಿ ಕುಂತದ. ಕುಂದ್ರು ಕೆಳಗ, ರಸಮಟ್ಟ!”

ಮಾಣಿಕಮ್ಮ ಕುಳಿತಳು. ಪಕ್ಕದಲ್ಲಿದ್ದ ನಜಮುನ್ನೀಸಾ, ಅವಳ ಜೊತೆಗೇ ಖಣಿಯಲ್ಲಿ ಕಲ್ಲು ಹೊರುವವಳು, ಅವಳ ತೊಡೆಯ ಮೇಲೆ ಕೈಯಿಟ್ಟಳು. ಕೂಸುಗಳ ಎದುರಿಗೆ ಆದ ಅವಮಾನ ಬೇರೆಯೇ ಥರ ಸುಡುತ್ತದೆ. ಬಾಗಿಲಲ್ಲಿ ನಿಂತಿದ್ದ ಪೂನಮ್ ಎಲ್ಲ ನೋಡಿದ್ದಳು.

ಮರುದಿನದಿಂದ ಖಣಿ ಓಣಿಗೆ ಹೊಸ ಹೆಸರು ಬಂತು. ಊರಿನ ಹುಡುಗರು ಪೂನಮ್‌ಳನ್ನು ಕಂಡರೆ “ಏ ರಸಮಟ್ಟ” ಎಂದು ಕೂಗುವರು. ಅವಳು ಚೀಲ ಬಿಸಾಕಿ ಅಳುತ್ತಾ ಮನೆಗೆ ಬಂದ ದಿನ ನಾಮದೇವ ಹೊರಸಿನ ಮೇಲೆ ಒರಗಿ ಕೆಮ್ಮುತ್ತಿದ್ದ. ಸಂಗತಿ ಕೇಳಿ ಅವನೂ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು.

“ಅಳಬ್ಯಾಡವ್ವ,” ಎಂದ ಕೊನೆಗೆ. “ನಿಮ್ಮವ್ವ ಏನ್ ತಪ್ಪ ಅಂದಾಳ? ನಾ ಸಾವ್ಕಾರನ ದೇವರಮನಿ ನೆಲಾನೂ ಹಾಸೀನಿ, ಶಹಾಬಾದ ಟೇಶನ್ ಸಂಡಾಸ ನೆಲಾನೂ ಹಾಸೀನಿ. ಇದೇ ರಸಮಟ್ಟ. ಗುಳ್ಳಿಗಿ ಯಾರ ಮನಿ ಅಂತ ಏನ್ ಗೊತ್ತದ? ಸಾವ್ಕಾರಗ ಒಂದು, ನಮಗ ಒಂದು ಅಂತ ಬ್ಯಾರೆ ರಸಮಟ್ಟ ಮಾಡಂಗಿಲ್ಲ ಎಲ್ಲೂ. ಮಾಸ್ತರ ಹೇಳಿದ್ದು ಅದೇ ಮಾತೇ. ಅವ ಪುಸ್ತಕದಾಗಿಂದು ಹೇಳ್ಯಾನ, ನಿಮ್ಮವ್ವ ಕೈಯಾಗಿಂದು ಹೇಳ್ಯಾಳ.”

ಪೂನಮ್ ಮೂಗು ಒರೆಸಿಕೊಂಡಳು. ಅಂದಿನಿಂದ ಸಂಜೆಯಾದರೆ ಅಪ್ಪನ ರಸಮಟ್ಟ ಹಿಡಿದು ಮನೆಯೆಲ್ಲ ಅಳೆಯುವಳು. ಒಲೆಯ ಕಟ್ಟೆ ತಗ್ಗು, ಹೊರಸು ವಾರೆ, ಗೋಡೆಯ ಬುದ್ಧನ ಫೋಟೋ ಸರಿ. ಆಮೇಲೆ ಹೊಸ ಪುಸ್ತಕ ತೆಗೆದು ಅಪ್ಪನಿಗೆ ಜೋರಾಗಿ ಓದಿ ಹೇಳುವಳು. ಪುಸ್ತಕದಲ್ಲಿ ಮೆಟ್ರೊ ರೈಲಿತ್ತು, ಹಿಮ ಬೀಳುವ ಊರಿತ್ತು, ಒಂಟೆಯ ಮೇಲೆ ಶಾಲೆಗೆ ಹೋಗುವ ಹುಡುಗಿಯಿದ್ದಳು. ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ತಿಳಿಯದಲ್ಲಿ ತಾನೇ ಏನೋ ಸೇರಿಸಿ ಓದುತ್ತಿದ್ದಳು, ಕಳ್ಳಿ. ಮಾಣಿಕಮ್ಮ ರೊಟ್ಟಿ ತಟ್ಟುತ್ತಾ ಕೇಳುತ್ತಿದ್ದಳು. ದಿಲ್ಲಿಯ ಯಾವುದೋ ಮನೆಯಲ್ಲಿ ಯಾರದೋ ಮಗಳೂ ಈಗ ಇದೇ ಪಾಠ ಓದುತ್ತಿರಬೇಕು ಅನ್ನಿಸಿ ಎದೆ ತುಂಬಿ ಬರುತ್ತಿತ್ತು.

ಜೋಳದ ರಾಶಿ ಮುಗಿಯಿತು. ಪರೀಕ್ಷೆ ಬರುವ ಸೋಮವಾರ ಎಂದು ಪೂನಮ್ ಕುಣಿಯುತ್ತಾ ಹೇಳಿದ್ದಳು. ಅದರ ಹಿಂದಿನ ಗುರುವಾರ ಸಾಹುಕಾರ ಮಾಣಿಕಮ್ಮ ಮತ್ತು ನಜಮುನ್ನೀಸಾ ಇಬ್ಬರನ್ನೂ ಶಹಾಬಾದಿಗೆ ಕಳಿಸಿದ. ಅವನ ತಮ್ಮನ ಕಾನ್ವೆಂಟಿನ ಅಂಗಳದಲ್ಲಿ ಒಡೆದ ಪರಸಿ ಕಿತ್ತು ಹೊಸದು ಹಾಕಬೇಕಿತ್ತು.

ಕಿಟಕಿಯ ಕೆಳಗೆ ಮಾಣಿಕಮ್ಮ ಮೊಳಕಾಲೂರಿ ಕುಳಿತಿದ್ದಳು. ಒಳಗಿನಿಂದ ಗಂಡಸಿನ ದನಿಯೊಂದು ಕೇಳಿತು, ಗುರುತಿನ ದನಿ. ಅಂಬರೇಶ ಮಾಸ್ತರನದು. ಇವನಿಗೇನು ಕೆಲಸ ಇಲ್ಲಿ?

“ಮತ್ತೊಮ್ಮೆ ಹೇಳು. ನಿನ್ನ ಹೆಸರೇನು?”

“ಪೂನಮ್, ಸರ್.”

“ತಂದೆ ಹೆಸರು?”

“ನಾಮದೇವ, ಸರ್.”

“ಶಾಭಾಷ್. ಮುಂದಿನವ್ರು.”

ಮಾಣಿಕಮ್ಮನ ಕೈಯಲ್ಲಿದ್ದ ಕರಣಿ ಅಲ್ಲೇ ನಿಂತಿತು. ಯಾರದೋ ಕೂಸು. ಆದರೆ ಹೆಸರು ತನ್ನ ಮಗಳದು, ಅಪ್ಪ ತನ್ನ ಗಂಡ. ಮುಂದಿನ ಹುಡುಗ ನಜಮುನ್ನೀಸಾಳ ಮಗನ ಹೆಸರು ಹೇಳಿದ. ಅದರ ಮುಂದಿನದು ಓಣಿಯ ಹಣಮಮ್ಮನ ಮೊಮ್ಮಗಳ ಹೆಸರು. ಒಬ್ಬೊಬ್ಬರಾಗಿ ಖಣಿ ಓಣಿಯ ಮಕ್ಕಳೆಲ್ಲ ಆ ಕೋಣೆಯಲ್ಲಿ ಎದ್ದು ನಿಂತು ಹೆಸರು ಹೇಳಿದವು, ಓಣಿಯ ಒಂದು ಮಗುವೂ ಅಲ್ಲಿರಲಿಲ್ಲ.

ನೀರು ಕುಡಿಯುವ ಹೊತ್ತಿಗೆ ಮಕ್ಕಳು ಹೊರಗೆ ಬಂದರು. ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿದ ಹುಡುಗಿಯೊಂದು ನಳದ ಹತ್ತಿರ ಯಾರನ್ನೋ ಕೂಗುತ್ತಾ ನಿಂತಿತ್ತು. ಅದೇ ದನಿ.

“ಏನವ್ವಾ ನಿನ್ನ ಹೆಸರು?” ಎಂದು ಮಾಣಿಕಮ್ಮ ಮೆಲ್ಲಗೆ ಕೇಳಿದಳು.

“ಶ್ರುತಿ,” ಎಂದಿತು ಹುಡುಗಿ. ಆಮೇಲೆ ನೆನಪಾದಂತೆ, “ಸೋಮವಾರ ಅಷ್ಟೇ ಪೂನಮ್. ಪರೀಕ್ಷೆ ಮುಗಿದ್ ಮ್ಯಾಲ ಮತ್ತ ಶ್ರುತಿ.”

“ಯಾಕವ್ವ ಹಂಗ?”

“ಆ ಹುಡುಗ್ರಿಗಿ ಓದಾಕ ಬರಂಗಿಲ್ಲಂತ ಆಂಟಿ. ಸಣ್ಣವ್ರು, ಖಣಿಯವ್ರು. ನಾವು ಬರದು ಕೊಡ್ತೀವಿ. ನಮಗ ಚಾಕಲೇಟ ಕೊಡ್ತಾರ.”

ಆ ಕೂಸಿಗೆ ಏನೆನ್ನುವುದು? ಅದರ ತಪ್ಪೇನು? ಮಾಣಿಕಮ್ಮ ತಲೆ ತಗ್ಗಿಸಿ ಮತ್ತೆ ಕಲ್ಲಿಗೆ ಕುಳಿತಳು. ಆದರೆ ಅಂದು ಹಾಸಿದ ಕಲ್ಲುಗಳು ಹ್ಯಾಗೆ ಕುಳಿತವೋ ಅವಳಿಗೆ ನೆನಪಿಲ್ಲ.

ಮರುದಿನ ಅಂಬರೇಶ ತಾನಾಗಿಯೇ ಓಣಿಗೆ ಬಂದ. ಓಣಿಯೊಳಗೆ ಕಾಲಿಡಲಿಲ್ಲ, ಬೇವಿನ ಮರದ ಕೆಳಗೆ ಮೋಟರ್‌ಸೈಕಲ್ ನಿಲ್ಲಿಸಿ ಅದರ ಮೇಲೇ ಕುಳಿತು ಕೂಗಿ ಹೇಳಿದ.

“ನೋಡ್ರಿ, ಸೋಮವಾರ ನಿಮ್ಮ ಮಕ್ಕಳಿಗಿ ಸೂಟಿ. ಯಾರೂ ಸಾಲಿ ಕಡಿ ಬರಬಾರದು. ಮಂಗಳವಾರ ಬರ್ರಿ, ಸಿಹಿ ಊಟ ಅದ.”

“ಸೋಮವಾರ ಪರೀಕ್ಷೆ ಅದಲ್ಲಾ ಸರ್?” ಎಂದಳು ಮಾಣಿಕಮ್ಮ ಮುಂದೆ ಬಂದು.

“ಅದು ದೊಡ್ಡ ಪರೀಕ್ಷೆ. ನಿಮ್ಮ ಮಕ್ಕಳಿಗಿ ಆಗಂಗಿಲ್ಲದು.”

“ಆಗಂಗಿಲ್ಲಂದ್ರ ಕಾನ್ವೆಂಟಿನ ಹುಡುಗ್ರಿಗಿ ನಮ್ಮ ಮಕ್ಕಳ ಹೆಸರ ಯಾಕ ಬಾಯಿಪಾಠ ಮಾಡ್ಸಾಕತ್ತೀರಿ?”

ಅಂಬರೇಶನ ಮುಖ ಬಿಳುಪೇರಿತು. ಬೆರಳು ಮೋಟರ್‌ಸೈಕಲಿನ ಕೀಲಿಯ ಮೇಲೆ ಆಡಿತು. ಆಮೇಲೆ ದನಿ ಇಳಿಸಿ, ತಿಳಿಹೇಳುವವನ ಹಾಗೆ ಮಾತಾಡಿದ.

“ಮಾಣಿಕಮ್ಮ, ತಿಳ್ಕೋ ಸ್ವಲ್ಪ. ನಿಮ್ಮ ಮಕ್ಕಳು ಕುಂತ್ರ ಸಾಲಿ ಮಟ್ಟ ಇಳೀತದ. ಬೋರ್ಡ ಬರಂಗಿಲ್ಲ, ನನ್ನ ನೌಕರಿಗಿ ತ್ರಾಸ ಆಗ್ತದ. ಮತ್ತ ನಿಮಗೇನ್ ಲುಕ್ಸಾನ? ಹೆಸರು ನಿಮ್ದೇ ಇರ್ತದ. ದಿಲ್ಲಿಯಾಗ ‘ಪೂನಮ್ ಶಾಣ್ಯಾಕಿ’ ಅಂತ ಬರ್ತದ. ಇನ್ನೇನ್ ಬೇಕು ನಿನಗ?”

ಸಾಹುಕಾರನ ಬೈಗುಳ ಮೈಗೆ ತಾಗುತ್ತಿತ್ತು, ಈ ಮೆದು ಮಾತು ಕರುಳಿಗೇ ಕೈ ಹಾಕಿತು.

“ಶಾಣ್ಯಾಕಿ ಆದ್ರ ನನ್ನ ಮಗಳೇ ಆಗ್ಲಿ ಸರ್,” ಎಂದಳು. “ದಡ್ಡಿ ಆದ್ರ ಭೀ ನನ್ನ ಮಗಳೇ ಆಗ್ಲಿ. ಫೇಲ್ ಆದ್ರ ಅಕಿ ಹೆಸರಿಲೇ ಅಕಿನೇ ಫೇಲ್ ಆಗ್ಲಿ. ಅಕಿ ಎಷ್ಟ ತಗ್ಗಿನ್ಯಾಗ ಅದಾಳ ಅನ್ನೋದು ದಿಲ್ಲಿಯವ್ರಿಗಿ ಗೊತ್ತಾಗ್ಲಿ. ಗೊತ್ತಾದ್ರಲ್ಲಾ ಎತ್ತೋದು? ನೀವು ತಗ್ಗಿನ ಮ್ಯಾಲ ಚಾಪಿ ಹಾಸಿ ಮುಚ್ಚಾಕತ್ತೀರಿ!”

“ಜಾಸ್ತಿ ಮಾತಾಡಬ್ಯಾಡ,” ಎಂದ ಅಂಬರೇಶ. “ಸಾವ್ಕಾರಗ ಹೇಳ್ತೀನಿ.”

ಹೇಳಿದ. ಸಂಜೆಯೊಳಗೇ ಸಾಹುಕಾರ ಖಣಿಯ ದಂಡೆಗೆ ಬಂದು, ಜೀಪಿನಿಂದ ಇಳಿಯದೆಯೇ, ಕೆಳಗೆ ಕಲ್ಲು ಹೊರುತ್ತಿದ್ದವರಿಗೆಲ್ಲ ಕೇಳುವಂತೆ ಒದರಿದ.

“ಸೋಮವಾರ ಯಾವ ಸೂಳೆಮಗ, ಯಾವ ಸೂಳೆ ಸಾಲಿ ಗೇಟಿನ ಹತ್ರ ಕಂಡ್ರೂ ಅವ್ರಿಗಿ ನನ್ನ ಖಣಿಯಾಗ ಕೂಲಿ ಇಲ್ಲ. ಗುಡಸಲ ಭೀ ಇರಂಗಿಲ್ಲ. ನನ್ನ ನೆಲದ ಮ್ಯಾಲ ಹೇತು ನನಗೇ ಕಾನೂನ ಹೇಳ್ತೀರೇನ? ಏ ರಸಮಟ್ಟ, ನಿನಗೇ ಹೇಳಿದ್ದು!”

ಆ ಸಂಜೆ ಬೇವಿನ ಕಟ್ಟೆಯ ಮೇಲೆ ಓಣಿ ಕೂಡಿತು. ಭಯ ಎಲ್ಲರ ಮುಖದ ಮೇಲೂ ಇತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಗಂಡಸರು ನೆಲ ನೋಡುತ್ತಾ ಕುಳಿತಿದ್ದರು. ಗುಡಿಸಲು ಹೋದರೆ ಎಲ್ಲಿಗೆ? ಒಂದು ಪರೀಕ್ಷೆ ಬರೆಯದಿದ್ದರೆ ಸಾಯುತ್ತಾವೇನು ಕೂಸುಗಳು? ಹೀಗೆ ಗುಸುಗುಸು ಹೊರಟಿತು. ನಾಮದೇವನೂ ಅದೇ ಮಾತಾಡಿದ.

“ಮಾಣಿಕಿ, ನನ್ನ ಎದಿ ಹಿಂಗದ. ನಿನ್ನ ಕೂಲಿ ಭೀ ಹೋದ್ರ ಹ್ಯಾಂಗ? ಮುಂದಿನ ವರ್ಷ ಬರೀತಾಳ ತಗೋ.”

“ಮುಂದಿನ ವರ್ಷ ಯಾವ ಹೆಸರಿಲೇ ಬರೀತಾಳ?” ಎಂದಳು ಮಾಣಿಕಮ್ಮ. “ಅಕಿ ಹೆಸರ ಆಗಲೇ ಖರ್ಚಾಗಿರ್ತದ. ಗುಳ್ಳಿಗಿ ಯಾರ ಮನಿ ಅಂತ ಗೊತ್ತಿರಂಗಿಲ್ಲ ಅಂತ ನೀವೇ ಅಕಿಗಿ ಹೇಳಿಕೊಟ್ರಿ. ಈಗ ಅಕಿಗಿ ಏನಂತ ಹೇಳಲಿ ನಾ? ಗುಳ್ಳಿನೂ ಸಾವ್ಕಾರನದೇ ಅಂತ ಹೇಳಲೇನ?”

ನಾಮದೇವ ಮಗಳ ಕಡೆ ನೋಡಿದ. ಪೂನಮ್ ಕಟ್ಟೆಯ ತುದಿಗೆ ಚೀಲ ಅವುಚಿಕೊಂಡು ಕುಳಿತಿದ್ದಳು. ಅವನು ಎದ್ದು ಹೋಗಿ ಅವಳ ಮಗ್ಗುಲಲ್ಲಿ ಕುಳಿತ.

ನಜಮುನ್ನೀಸಾ ಸೆರಗು ಕೊಡವಿ ಎದ್ದಳು. “ಅರೆ, ಎಷ್ಟ ಹೆದರ್ತೀರಿ? ನಾವಿಲ್ದ ಅವನ ಖಣಿಯಾಗ ಕಲ್ಲ ಯಾರ ಎತ್ತತಾರ, ಅವನ ಅಪ್ಪ? ನನ್ನ ಮಗ ಉರ್ದು ಸಾಲಿ ಬಿಟ್ಟು ಇಲ್ಲಿ ಬಂದಾನ, ಒಂದ ವರ್ಷ ಕನ್ನಡ ಅಕ್ಷರ ತಿದ್ಯಾನ. ಅವನ ಹೆಸರಿಲೇ ಯಾವನೋ ಚಾಕಲೇಟ ತಿಂತಾನ? ಯಾರಿಗಿ ಬೇಕಾದ್ರ ಹೇಳ್ರಿ, ಸೋಮವಾರ ನಾ ಹೋಗಾಕಿನೇ. ಬರೋರು ಬರ್ರಿ, ಬಳಿ ತೊಟ್ಕೊಳ್ಳೋ ಗಂಡಸ್ರು ಮನ್ಯಾಗ ಇರ್ರಿ.”

ಹೆಂಗಸರು ನಕ್ಕರು. ಆ ನಗುವಿನೊಳಗೇ ತೀರ್ಮಾನವಾಗಿಹೋಯಿತು.

ಸೋಮವಾರ. ಶಾಲೆಯ ಗೇಟಿಗೆ ಮಾವಿನ ತೋರಣ, ಒಳಗೆ ಹಳದಿ ಬಸ್ಸು. ಹೊಸ ಕೋಣೆಯಲ್ಲಿ ಕಾನ್ವೆಂಟಿನ ಮಕ್ಕಳನ್ನು ಸರಕಾರಿ ಶಾಲೆಯ ನೀಲಿ ಬಟ್ಟೆ ತೊಡಿಸಿ ಕೂಡಿಸಿದ್ದರು. ಬಟ್ಟೆ ಹೊಸದು, ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಪರೀಕ್ಷೆ ನಡೆಸಲು ಬಂದವನು ಚಿತ್ತಾಪುರದ ಕಡೆಯ ಮುದಸ್ಸಿರ್ ಎಂಬ ತರುಣ. ಮಾಸ್ತರಿಕೆ ಓದುತ್ತಿದ್ದವನು, ಇಂಥ ಕೆಲಸ ಇದೇ ಮೊದಲು. ಅವನಿಗೆ ಸಾಹುಕಾರ ವರಾಂಡದಲ್ಲಿ ಎಳನೀರು ಕುಡಿಸಿ, ಬೆನ್ನು ತಟ್ಟಿ ಒಳಗೆ ಕಳಿಸಿದ್ದ.

ಓಣಿಯ ಹೆಂಗಸರು ಮುಂದಿನ ಗೇಟಿಗೆ ಹೋಗಲಿಲ್ಲ. ಅಡುಗೆ ಕೋಣೆಯ ಹಿಂದೆ ಗೋಡೆ ಬಿದ್ದ ಜಾಗವಿತ್ತು. ದಿನಾ ಅಲ್ಲಿಂದಲೇ ಬರುತ್ತಿದ್ದ ಮಕ್ಕಳು ಅವ್ವಂದಿರಿಗೆ ದಾರಿ ತೋರಿಸಿದವು. ಅವರು ಹೊಸ ಕೋಣೆಯ ಬಾಗಿಲ ಬಳಿ ಬರುವುದಕ್ಕೂ ಒಳಗೆ ಹಾಜರಿ ಶುರುವಾಗುವುದಕ್ಕೂ ಸರಿಹೋಯಿತು.

“ಪೂನಮ್ ತಂದೆ ನಾಮದೇವ,” ಎಂದ ಮುದಸ್ಸಿರ್.

ಕೆಂಪು ರಿಬ್ಬನ್ನಿನ ಹುಡುಗಿ ಎದ್ದಿತು. “ಪ್ರೆಸೆಂಟ್ ಸರ್.”

“ಹಾಜರ್ ಸರ್!”

ಬಾಗಿಲಿನಿಂದ ಬಂದ ಆ ದನಿಗೆ ಇಡೀ ಕೋಣೆ ತಿರುಗಿತು. ಹೊಸ್ತಿಲ ಮೇಲೆ ಪೂನಮ್ ನಿಂತಿದ್ದಳು, ಮೊಳಕಾಲ ಹತ್ತಿರ ತೇಪೆ ಹಾಕಿದ ಅದೇ ನೀಲಿ ಬಟ್ಟೆ. ಇನ್ನೊಮ್ಮೆ ಒದರಿದಳು, “ನಾ ಪೂನಮ್, ಸರ್. ಹಾಜರ್!”

“ಏ, ಯಾರದು? ನಡಿ ಹೊರಗ!” ಅಂಬರೇಶ ಓಡಿ ಬಂದ. “ಸರ್, ಇದು ಹುಚ್ಚ ಹುಡುಗಿ, ನೀವು ಮುಂದ ನಡಸ್ರಿ.”

ಮುದಸ್ಸಿರ್ ಒಮ್ಮೆ ಅಂಬರೇಶನ ಮುಖ ನೋಡಿದ, ಒಮ್ಮೆ ಇಬ್ಬರು ಹುಡುಗಿಯರ ಮುಖ ನೋಡಿದ. ಅವನ ಹಣೆಯ ಮೇಲೆ ಬೆವರೊಡೆದಿತ್ತು. ಪಾಪ, ಎಳನೀರು ಬೇರೆ ಕುಡಿದಿದ್ದಾನೆ. ಕೊನೆಗೆ ರಿಬ್ಬನ್ನಿನ ಹುಡುಗಿಯ ಮುಂದೆ ಬಗ್ಗಿ ಕೇಳಿದ, “ನಿಮ್ಮಪ್ಪನ ಹೆಸರೇನವ್ವ?”

“ನಾಮದೇವ, ಸರ್.”

“ನಿಮ್ಮವ್ವನ ಹೆಸರು?”

ಹುಡುಗಿ ಬಾಯಿ ತೆರೆಯಿತು, ಮುಚ್ಚಿತು. ಅಂಬರೇಶನ ಕಡೆ ನೋಡಿತು. ತಂದೆಯ ಹೆಸರು ಕೇಳುವುದು ಸರಕಾರದ ಪದ್ಧತಿ, ಅದನ್ನಷ್ಟೇ ಬಾಯಿಪಾಠ ಮಾಡಿಸಿದ್ದ ಮಾಸ್ತರ. ಈ ಕೂಸುಗಳಿಗೆ ಅವ್ವಂದಿರೂ ಇದ್ದಾರೆಂದು ಅವನಿಗೆ ಹೊಳೆದಿರಲೇ ಇಲ್ಲ. ಹುಡುಗಿ ಬಿಕ್ಕಿ ಬಿಕ್ಕಿ ಅಳತೊಡಗಿತು.

“ಅವ್ವನ ಹೆಸರ ಹೇಳಿಕೊಟ್ಟಿಲ್ಲ ಸರ್…”

“ಮಾಣಿಕಮ್ಮ!” ಎಂದಳು ಪೂನಮ್, ಕೇಳುವ ಮೊದಲೇ. “ನಮ್ಮವ್ವ ಮಾಣಿಕಮ್ಮ. ಪರಸಿ ಹಾಸ್ತಾಳ. ನೀವು ನಿಂತೀರಲ್ಲ, ಈ ಪರಸಿ ಭೀ ಅಕಿನೇ ಹಾಸ್ಯಾಳ.”

ಮುದಸ್ಸಿರ್ ತನ್ನ ಕಾಲ ಕೆಳಗೆ ನೋಡಿಕೊಂಡ. ಆಮೇಲೆ ನೆಟ್ಟಗೆ ನಿಂತು ಹೆಸರನ್ನು ಮೊದಲಿನಿಂದ ಕರೆದ.

“ಪೂನಮ್.”

“ಹಾಜರ್ ಸರ್.”

ಈ ಸಲ ಒಂದೇ ದನಿ. ಪೂನಮ್ ಹೋಗಿ ಬೆಂಚಿನ ಮೇಲೆ ಕುಳಿತಳು. ಅಳುತ್ತಿದ್ದ ಹುಡುಗಿಯನ್ನು ಎಬ್ಬಿಸದೆ, ಅವಳ ಮಗ್ಗುಲಲ್ಲೇ ಕುಳಿತಳು. ಅವಳ ಹಿಂದೆ ನಜಮುನ್ನೀಸಾಳ ಮಗ ನುಗ್ಗಿದ, ಹಣಮಮ್ಮನ ಮೊಮ್ಮಗಳು ನುಗ್ಗಿದಳು. ಖಣಿ ಓಣಿ ಪೂರಾ ಒಳಗೆ ಹೋಯಿತು.

ವರಾಂಡದಲ್ಲಿ ಸಾಹುಕಾರನ ಕುರ್ಚಿ ಹಿಂದಕ್ಕೆ ಬಿತ್ತು.

“ನಿಮ್ಮೌನ, ಎಲ್ಲಿ ನುಗ್ಗಾಕತ್ತೀರಲೇ! ಕೂದಲ ಹಿಡಿದು ಎಳೀತೀನಿ ಒಂದೊಂದಕ್ಕ…” ಎನ್ನುತ್ತಾ ಅವನು ಬಾಗಿಲಿಗೆ ಬರುವಷ್ಟರಲ್ಲಿ ಮಾಣಿಕಮ್ಮ ಹೊಸ್ತಿಲ ಮೇಲೆ ಕುಳಿತುಬಿಟ್ಟಿದ್ದಳು. ಬೆನ್ನು ಒಂದು ಚೌಕಟ್ಟಿಗೆ, ಕಾಲು ಇನ್ನೊಂದು ಚೌಕಟ್ಟಿಗೆ, ಬಾಗಿಲ ತುಂಬಾ. ಅವಳ ಮುಂದೆ ಮೆಟ್ಟಿಲ ಮೇಲೆ ನಜಮುನ್ನೀಸಾ, ಅವಳ ಮುಂದೆ ಉಳಿದ ಹೆಂಗಸರು.

“ಏ ರಸಮಟ್ಟ, ಸರಿ ಅತ್ತಾಗ!”

“ಸರಿಯಂಗಿಲ್ಲ್ರಿ ಸಾವ್ಕಾರ.”

“ಭಾಗಣ್ಣ! ಎಳದ ಒಗಿ ಈ ರಂಡೀನ.”

ಭಾಗಣ್ಣ ಜೀಪಿನ ಹತ್ತಿರದಿಂದ ಕದಲಲಿಲ್ಲ. ಹೆಗಲ ಮೇಲಿನ ಟಾವೆಲನ್ನು ಕೈಗೆ ಸುತ್ತಿಕೊಳ್ಳುತ್ತಾ, “ಹೆಣ್ಮಗಳಿಗಿ ಹ್ಯಾಂಗ ಕೈ ಹಚ್ಚಲ್ರಿ ಧಣಿ,” ಎಂದ.

“ನಾಳಿ ಹೊತ್ತ ಮೂಡೋದ್ರಾಗ ನಿಮ್ಮ ಗುಡಸಲ ಕಿತ್ತಸ್ತೀನಿ. ಖಣಿ ಕಡಿ ಕಾಲಿಟ್ರ ಕಾಲ ಮುರೀತೀನಿ. ಮಕ್ಕಳ ಮರಿ ಕಟ್ಕೊಂಡು ವಾಡಿ ಟೇಶನ್ಯಾಗ ಭಿಕ್ಷಾ ಬೇಡಬೇಕ ನೀವು!”

ಅವನು ಹೇಳಿದ್ದನ್ನು ಮಾಡುವವನೇ. ಗುಡಿಸಲು, ಒಲೆ, ಹೊರಸಿನ ಮೇಲಿನ ಗಂಡ, ಎಲ್ಲ ಮಾಣಿಕಮ್ಮನ ಕಣ್ಣ ಮುಂದೆ ಬಂತು. ಬೆನ್ನ ಹಿಂದೆ ಹಾಳೆಗಳ ಸರಬರ ಕೇಳುತ್ತಿತ್ತು. ಪ್ರಶ್ನೆಪತ್ರಿಕೆ ಹಂಚುತ್ತಿದ್ದರು.

“ಕಿತ್ತಸ್ರಿ,” ಎಂದಳು. “ಅದು ನಾಳಿ ಮಾತು. ಇವತ್ತ ಪರೀಕ್ಷೆ ಅದ.”

ಸಾಹುಕಾರ ಹೆಂಗಸರ ನಡುವೆ ಕಾಲು ಹಾಕಿ, ಮೆಟ್ಟಿಲೇರಿ, ಅವಳ ತಲೆಯ ಮೇಲೇ ಬಂದು ನಿಂತ. 

“ಸರೀತಿಯೋ ಇಲ್ಲೋ?”

“ನಾನಾಗೇ ಸರಿಯಂಗಿಲ್ಲ. ನೀವು ಸರಸಬೇಕಂದ್ರ ಸರಸ್ರಿ.”

ಹಾಗೆಂದು ಮಾಣಿಕಮ್ಮ ಕೈ ಮುಂದೆ ಚಾಚಿದಳು. ಕಲ್ಲಿನ ಪುಡಿ ಗೆರೆಗಳೊಳಗೆ ಕೂತು ಬೆಳ್ಳಗಾದ, ಕರಣಿ ಹಿಡಿದು ಜಡ್ಡುಗಟ್ಟಿದ ಅದೇ ಕೈ.

“ಹಿಡೀರಿ. ಕೈ ಹಿಡಿದು ಎಬ್ಬಸ್ರಿ. ಊರ ಮಂದಿ ನಿಂತದ, ನೋಡ್ಲಿ. ಮುಟ್ರಿ.”

ಗೇಟಿನ ಆಚೆ ಊರಿನವರು ಸೇರಿದ್ದರು. ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದ. ಸಾಹುಕಾರನ ಬಲಗೈ ಹೊಡೆಯಲು ಮೇಲೆದ್ದಿತ್ತು, ಅದು ಅಲ್ಲೇ ನಿಂತಿತ್ತು. ಅವನ ಕಣ್ಣು ಅವಳ ಅಂಗೈಯ ಮೇಲಿತ್ತು.

“ಬರಿಯಾಕ ಶುರು ಮಾಡ್ರಿ,” ಎಂದ ಒಳಗೆ ಮುದಸ್ಸಿರ್.

“ಮುಟ್ರಿ ಸಾವ್ಕಾರ,” ಎಂದಳು ಮಾಣಿಕಮ್ಮ ಮತ್ತೆ. ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.